ಮೂರು ಲಕ್ಷ ಓಡಿದ ಗಾಡಿ

ಹಳೆಯ ಬೊಲೆರೊ ನೋಡಲು ಹೋದವರು ನಮ್ಮ ಕಡೆ ಮೊದಲು ಕೇಳುವುದು, 'ಎಷ್ಟ್ ಓಡೇತ್ರಿ?' ಮಾಲೀಕ ಒಂದು ಸಂಖ್ಯೆ ಹೇಳುತ್ತಾನೆ. ಕೊಳ್ಳುವವ ಅದನ್ನು ನಂಬುವುದಿಲ್ಲ. ನಂಬಲಿಕ್ಕಿಲ್ಲವೆಂದು ಮಾಲೀಕನಿಗೂ ಗೊತ್ತು. ನಡುವೆ ನಿಂತ ದಲ್ಲಾಳಿ ಇಬ್ಬರಿಗೂ ತಲೆಯಾಡಿಸುತ್ತಾನೆ. ಮೀಟರ್ ಹಿಂದಕ್ಕೆ ತಿರುಗಿಸಿದ ಗಾಡಿಗಳಿವೆ. ಕೇಬಲ್ ತುಂಡಾಗಿ ಮೀಟರ್ ವರ್ಷಗಟ್ಟಲೆ ನಿಂತೇ ಹೋಗಿ, ಗಾಡಿ ಮಾತ್ರ ಓಡುತ್ತಲೇ ಇದ್ದದ್ದೂ ಉಂಟು. ಅದು ಹಾಗಿರಲಿ, ಮೀಟರ್ ಸತ್ಯವನ್ನೇ ಹೇಳಿದರೂ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೇ. ಎಷ್ಟು ಓಡಿತು ಎನ್ನುವುದಕ್ಕಿಂತ ಎಲ್ಲಿ ಓಡಿತು ಎಂದು ಕೇಳಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಒಂದೇ ಜಿಲ್ಲೆಯ ಊರುಗಳಾದರೂ ಅವುಗಳ ಕಿಲೋಮೀಟರುಗಳು ಒಂದೇ ತೂಕದವಲ್ಲ.

ಕೆಲಸದ ನಿಮಿತ್ತ ಈ ಊರುಗಳ ನಡುವೆ ದಿನಾ ತಿರುಗುವವನು ನಾನು. ಗಾಡಿ 2009ರ ಬೊಲೆರೊ, ಕಾಮನ್‌ರೈಲ್ ಬರುವ ಮುಂಚಿನ 2523 ಸಿಸಿ ಡಿಐ ಎಂಜಿನ್. ಮೂರು ಲಕ್ಷ ದಾಟಿದೆ. ಇಂಥದ್ದನ್ನು ದಿನದ ಬಳಕೆಗೆ ಇಟ್ಟುಕೊಂಡಿದ್ದೇನೆಂದರೆ ಬೆಂಗಳೂರಿನ ನೆಂಟರು ಕನಿಕರಪಡುತ್ತಾರೆ. ಇಲ್ಲಿ ಯಾರೂ ಪಡುವುದಿಲ್ಲ. ಅಮೀನಗಡದ ಕುರಿ ಸಂತೆಯ ದಿನ ರಸ್ತೆ ಬದಿ ನಿಂತು ನೋಡಿ: 1994ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಟಾಟಾ ಸುಮೊ, ಮಂದಿಯನ್ನು ತುಂಬಿಕೊಂಡ ಕ್ರೂಸರ್, 2000ದಲ್ಲಿ ಬಿಡದಿಯಿಂದ ಹೊರಟು ಐದೇ ವರ್ಷಕ್ಕೆ ಇನ್ನೋವಾಗೆ ಜಾಗ ಬಿಟ್ಟುಕೊಟ್ಟ ಕ್ವಾಲಿಸ್. (ಕ್ವಾಲಿಸ್ ತಯಾರಿಸಿದ ಕಂಪನಿಯ ಹೆಸರಿನಲ್ಲಿರುವ ಕಿರ್ಲೋಸ್ಕರರು ನಮ್ಮ ನೆರೆಯವರೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಮೊದಲು ಇಟ್ಟದ್ದು ಸೈಕಲ್ ಅಂಗಡಿ.) ನಂಬರ್ ಪ್ಲೇಟಿನ ಮೇಲೂ ಕಣ್ಣಿಡಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಕೆಎ 29 ಬರುವ ಮುಂಚಿನ ಗಾಡಿಗಳ ಮೇಲೆ ವಿಜಯಪುರದ ಕೆಎ 28 ಇದೆ. ಆ ನಂಬರಿನ ಸುಮೊ ಇನ್ನೂ ಓಡುತ್ತಿದ್ದರೆ ಅದರ ಮಾಲೀಕನ ಹತ್ತಿರ ಹತ್ತು ನಿಮಿಷ ಮಾತಾಡಿ. ಯಾವ ಷೋರೂಮಿನಲ್ಲೂ ಸಿಗದ ಮಾಹಿತಿ ಸಿಗುತ್ತದೆ.

ಬಾಗಲಕೋಟೆಯ ಕಿಲೋಮೀಟರುಗಳಿಂದ ಶುರು ಮಾಡೋಣ. ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದವರಿಗೆಂದು ಕಟ್ಟಿದ ನವನಗರದಲ್ಲಿ ರಸ್ತೆಗಳು ಅಗಲ, ನೇರ, ಸೆಕ್ಟರಿನಿಂದ ಸೆಕ್ಟರಿಗೆ ಐದು ನಿಮಿಷ. ಗಾಡಿಗೆ ಸುಖವಾದ ಊರು ಎನಿಸುತ್ತದೆ. ಡೀಸೆಲ್ ಎಂಜಿನ್‌ಗೆ ಇದೇ ಕೆಟ್ಟದ್ದು. ಮನೆಯಿಂದ ಆಫೀಸು, ಆಫೀಸಿನಿಂದ ಬ್ಯಾಂಕು, ಬ್ಯಾಂಕಿನಿಂದ ವಿದ್ಯಾಗಿರಿ. ಎಂಜಿನ್ ಕಾಯುವುದರೊಳಗೆ ಬಂದ್. ಸ್ಟಾರ್ಟರ್ ಸವೆಯುತ್ತದೆ, ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಇಲ್ಲ. ಹಳೆಯ ಗಾಡಿ ಇದನ್ನು ಹೇಗೋ ಸಹಿಸಿಕೊಳ್ಳುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಬೇಕೆಂದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಬೇಕು. ನವನಗರದೊಳಗೇ ತಿರುಗುವ ಹೊಸ ಗಾಡಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹಚ್ಚಿಕೊಂಡು ಸರ್ವಿಸ್ ಸೆಂಟರಿಗೆ ಹೋಗುವುದು ಇದರಿಂದಲೇ.

ಹುನಗುಂದದ್ದು ಬೇರೆಯೇ ಕಥೆ. ಎರೆ ಮಣ್ಣಿನ ನಾಡು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ನೆಲ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಬಿಳಿಜೋಳ, ಕಡಲೆ ಬಿತ್ತುವ ಹಿಂಗಾರಿನ ಹೊತ್ತಿಗೆ ಹೊಲದ ದಾರಿಗೆ ಇಳಿದರೆ ಟೈರಿನ ಗಡ್ಡೆಗಳ ಸಂದುಗಳು ಹತ್ತೇ ಮಾರಿನಲ್ಲಿ ತುಂಬಿಹೋಗುತ್ತವೆ. ಆಮೇಲೆ ಚಕ್ರ ತಿರುಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಎಸ್‌ಯುವಿ ಎಂದ ಕೂಡಲೇ ನಾಲ್ಕೂ ಚಕ್ರ ಎಳೆಯುತ್ತವೆ ಎಂಬ ಭ್ರಮೆ ಪೇಟೆಯವರಿಗಿದೆ. ಇಲ್ಲಿನ ಬೊಲೆರೊಗಳಲ್ಲಿ ಹೆಚ್ಚಿನವು ಹಿಂದಿನ ಎರಡೇ ಚಕ್ರದ ಎಳೆತದವು. ಎರೆಯಲ್ಲಿ ಹುಟ್ಟಿ ಬೆಳೆದ ರೈತ ಗಾಡಿಯನ್ನು ಡಾಂಬರಿನ ಮೇಲೇ ಬಿಟ್ಟು ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಹೋಗುತ್ತಾನೆ. ಅದೇ ಸರಿಯಾದ ಡ್ರೈವಿಂಗ್.

ಇಳಿದೇ ಬಿಟ್ಟಿರಿ, ಹೇಗೋ ಹೊರಗೂ ಬಂದಿರಿ ಎನ್ನೋಣ. ಹುನಗುಂದ ದಾಟಿ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಇಳಕಲ್ ಕಡೆ ಹೊರಟರೆ ಗಂಟೆಗೆ ಎಪ್ಪತ್ತರ ಹತ್ತಿರ ಸ್ಟೇರಿಂಗ್ ನಡುಗಲು ಶುರು. ಅರವತ್ತಕ್ಕೆ ಇಳಿದರೆ ಕಡಿಮೆ, ಎಂಬತ್ತಕ್ಕೆ ಏರಿಸಿದರೆ ಹಲ್ಲು ಕಟಕಟ. ಹೊಸಬರು ಹೆದರುತ್ತಾರೆ. ಟೈ ರಾಡ್ ಹೋಯಿತೆಂದೋ ಬೇರಿಂಗ್ ಹೋಯಿತೆಂದೋ ಗ್ಯಾರೇಜಿಗೆ ಹೋಗುತ್ತಾರೆ. ಅನುಭವಸ್ಥ ಮಿಸ್ತ್ರಿ ಟೂಲ್ ಬಾಕ್ಸ್ ಮುಟ್ಟುವುದೇ ಇಲ್ಲ. ಗಾಡಿಯ ಕೆಳಗೆ ಬಗ್ಗಿ, ಉದ್ದನೆಯ ಸ್ಕ್ರೂಡ್ರೈವರಿನಿಂದ ಚಕ್ರದ ಡಿಸ್ಕಿನ ಒಳಮೈ ಕೆರೆಯುತ್ತಾನೆ. ಅಂಗೈಯಗಲದ ಒಣಗಿದ ಎರೆಯ ಹೆಂಟೆ ನೆಲಕ್ಕೆ ಬೀಳುತ್ತದೆ. ಹೊಲದಲ್ಲಿ ನಿಂತಾಗ ಮಣ್ಣು ಚಕ್ರದ ಒಳಗೆ ಕೆಳಬದಿಗೆ ಇಳಿದು, ಅಲ್ಲೇ ಬಿಗಿದು, ಒಂದೇ ಕಡೆ ಭಾರ ಕೂಡಿಸಿರುತ್ತದೆ. 'ಎಂಜಿನ್‌ಗೂ ಏನಾಗಿಲ್ರಿ, ಸ್ಟೇರಿಂಗಿಗೂ ಏನಾಗಿಲ್ರಿ. ಮನಿಗಿ ಹೋಗಿ ತೊಳಸ್ರಿ' ಎಂದು ಚಹಾಕ್ಕೂ ದುಡ್ಡು ತೆಗೆದುಕೊಳ್ಳದೆ ಕಳಿಸುತ್ತಾನೆ. ಅದೇ ಮಣ್ಣನ್ನು ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಬೇರೆ. ಹಿಂದಿನ ಡ್ರಮ್ ಬ್ರೇಕಿನೊಳಗೆ ಸೇರುತ್ತದೆ, ರೇಡಿಯೇಟರಿನ ಸಂದುಗಳಲ್ಲಿ ಗಟ್ಟಿಯಾಗುತ್ತದೆ, ಚಾಸಿಯ ಮೂಲೆಗಳಲ್ಲಿ ತೇವ ಹಿಡಿದಿಟ್ಟು ತುಕ್ಕು ಹಿಡಿಸುತ್ತದೆ.

ಹುನಗುಂದದಿಂದ ಇಳಕಲ್‌ಗೆ ಹದಿನೈದು ಕಿಲೋಮೀಟರಿನ ಆಸುಪಾಸು. ಅಷ್ಟರಲ್ಲಿ ವೈರಿ ಬದಲಾಗುತ್ತಾನೆ. ಸೀರೆಯಷ್ಟೇ ಇಳಕಲ್‌ಗೆ ಹೆಸರು ತಂದದ್ದು ಅಲ್ಲಿನ ಕೆಂಪು ಗ್ರಾನೈಟ್. ಕ್ವಾರಿಗಳ ದಾರಿಯಲ್ಲಿ ಟಿಪ್ಪರಿನ ಹಿಂದೆ ಸಿಕ್ಕಿಕೊಂಡವರಿಗೆ ಆ ಧೂಳು ಗೊತ್ತು: ನಯ, ಹಗುರ, ಬಾನೆಟ್ ಒರೆಸಿದರೆ ಬಣ್ಣದ ಮೇಲೆ ಗೀರು ಬೀಳಿಸುವಂಥದ್ದು. ಗ್ರಾನೈಟಿನಲ್ಲಿ ಬೆಣಚು ಇದೆ. ಬೆಣಚು ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಏರ್ ಫಿಲ್ಟರ್ ಹರಿದಿದ್ದರೆ ಅಥವಾ ಅದರ ಪೈಪಿನ ಕ್ಲಿಪ್ ಸಡಿಲವಾಗಿದ್ದರೆ ಎಂಜಿನ್ ಈ ಪುಡಿಯನ್ನೇ ಉಸಿರಾಡುತ್ತದೆ. ಪಿಸ್ಟನ್ ರಿಂಗು, ಬೋರು ಎರಡನ್ನೂ ಅದು ಒಳಗಿಂದ ಉಜ್ಜುತ್ತಾ ಹೋಗುತ್ತದೆ. ಹೆದ್ದಾರಿಯಲ್ಲೇ ಮೂರು ಲಕ್ಷ ಓಡಿದ ಎಂಜಿನ್ ಗಟ್ಟಿಯಾಗಿರುವಾಗ, ಕ್ವಾರಿಯಲ್ಲಿ ಎಂಬತ್ತು ಸಾವಿರ ಓಡಿದ್ದು ಆಯಿಲ್ ಕುಡಿಯಲು ಶುರು ಮಾಡಿರಬಹುದು. ಮೀಟರ್ ನೋಡಿ ಕೊಂಡವನು ಎರಡನೆಯದನ್ನೇ ಮನೆಗೆ ತರುತ್ತಾನೆ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಕಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಚಾಲೂ ಇರುವಾಗಲೇ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದನ್ನೇ ಬಾಯಿಯ ಮೇಲೆ ಬೋರಲು ಇಡುತ್ತಾರೆ. ಮುಚ್ಚಳ ಸುಮ್ಮನೆ ಸ್ವಲ್ಪ ಅಲುಗಿದರೆ ಅಡ್ಡಿಯಿಲ್ಲ. ಕುಣಿದು ಕೆಳಗೆ ಬಿದ್ದರೆ, ಜೊತೆಗೆ ಬುಸುಬುಸು ಹೊಗೆಯೂ ಬಂದರೆ ರಿಂಗುಗಳು ಸವೆದಿವೆ, ಉರಿದ ಗಾಳಿ ಕೆಳಗೆ ಸೋರುತ್ತಿದೆ ಎಂದರ್ಥ. ಆಮೇಲೆ ಸ್ಟಿಕ್ ಎಳೆದು ಆಯಿಲ್ ನೋಡುತ್ತಾರೆ. ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಸಹಜ. ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಮಾತ್ರ ಮಾತು ಅಲ್ಲಿಗೇ ನಿಲ್ಲಿಸಿ ಮನೆಗೆ ಬನ್ನಿ. ನೀರು ಸೇರಿದೆ, ಹೆಡ್ ಕೆಲಸ ಕಾದಿದೆ.

ನೀರಿನ ಮಾತು ಬಂತು. ಬಾಗಲಕೋಟೆಯ ಸುತ್ತ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೇ ಅದಕ್ಕಾಗಿ. ಹೀಗಾಗಿ ಬೋರಿನ ನೀರು ಗಡಸು. ಮನೆಯ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ಕೂಲಂಟಿಗೆ ದುಡ್ಡು ದಂಡವೆಂದು ಬೋರಿನ ನೀರನ್ನೇ ಸುರಿದವರ ಗಾಡಿ ಏಪ್ರಿಲ್ ತಿಂಗಳ ನಲವತ್ತು ಡಿಗ್ರಿಯಲ್ಲಿ ಸೂಜಿ ಏರಿಸಿಕೊಂಡು ದಾರಿಯಲ್ಲಿ ನಿಲ್ಲುತ್ತದೆ. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಅತಿಯಾಗಿ ಬಿಸಿಯಾಯಿತೆಂದರೆ ಹೆಡ್ ಬಾಗುವ, ಬಿರುಕು ಬಿಡುವ ಭಯ ಇದ್ದದ್ದೇ. ಕ್ವಾಲಿಸ್‌ನವರು ಸೂಜಿಯನ್ನು ಇನ್ನೂ ಹೆಚ್ಚು ನೋಡಬೇಕು. ಅವರಿಗೆ ಲಕ್ಷ ಕಿಲೋಮೀಟರಿಗೊಮ್ಮೆ ಟೈಮಿಂಗ್ ಬೆಲ್ಟ್ ಬದಲಿಸುವ ಕೆಲಸವೂ ಇದೆ. ಅದನ್ನು ಮುಂದೂಡಿ ಉಳಿಸಿದವರು ಯಾರನ್ನೂ ನಾನು ಕಂಡಿಲ್ಲ.

ಹಾಗಾದರೆ ಇಷ್ಟೆಲ್ಲ ಇದ್ದೂ ಈ ಗಾಡಿಗಳು ಇಲ್ಲಿ ಬದುಕಿರುವುದು ಹೇಗೆ? ಕಂಪನಿಯ ಗಟ್ಟಿತನಕ್ಕೆ ಅರ್ಧ ಶ್ರೇಯಸ್ಸು ಕೊಡುತ್ತೇನೆ. ಉಳಿದರ್ಧ ಲಾರಿಗೆ, ಟ್ರ್ಯಾಕ್ಟರಿಗೆ ಸೇರಬೇಕು. ಕಲ್ಲು ಹೊರುವ ಲಾರಿಗಳಿವೆಯೆಂದು ಇಳಕಲ್ಲಿನ ಹೆದ್ದಾರಿ ಬದಿಯಲ್ಲಿ ಪಾಟಾ (ಲೀಫ್ ಸ್ಪ್ರಿಂಗ್) ಕೆಲಸದವರಿದ್ದಾರೆ. ಟ್ರ್ಯಾಕ್ಟರುಗಳಿವೆಯೆಂದು ಪಂಪು, ನೋಝಲ್ ಕ್ಯಾಲಿಬ್ರೇಷನ್ ಮಾಡುವವರಿದ್ದಾರೆ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿತು. ಇವರ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ. ಲೇಥ್ ಇದೆ, ರೇಡಿಯೇಟರಿಗೆ ಬೆಸುಗೆ ಹಾಕುವವನಿದ್ದಾನೆ. ಬೊಲೆರೊ, ಸುಮೊ, ಕ್ವಾಲಿಸ್ ಮೂರಕ್ಕೂ ಹಿಂದೆ ಪಾಟಾವೇ ಇರುವುದರಿಂದ ಲಾರಿಗೆ ಇರುವ ಕುಲುಮೆಯಲ್ಲೇ ಇವುಗಳ ಕೆಲಸವೂ ಆಗುತ್ತದೆ.

ಪಾಟಾ ಕೆಲಸ ನೋಡುವುದೇ ಒಂದು ಸೊಗಸು. ಹಿಂದಿನ ಪಾಟಾಗಳನ್ನು ಒಂದರ ಮೇಲೊಂದು ಪೇರಿಸಿ ನಡುವೆ ತೂರಿಸಿದ ಸೆಂಟರ್ ಬೋಲ್ಟ್ ಮುರಿದರೆ ಆಕ್ಸಲ್ ಒಂದು ಬದಿಗೆ ಸರಿದು ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಒಳಗೆ ಕುಳಿತವರಿಗೆ ತಿಳಿಯುವುದಿಲ್ಲ. ಹಿಂದೆ ಬರುವವರಿಗೆ ಕಾಣುತ್ತದೆ. ಪಾಟಾದವನು ಜಾಕಿ ಕೊಟ್ಟು, ಯು-ಬೋಲ್ಟ್ ಸಡಿಲಿಸಿ, ಒಂದೊಂದೇ ಎಲೆಯನ್ನು ಬಿಚ್ಚಿ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾನೆ. ಠಣ್ ಎಂದದ್ದು ಒಂದು ಬದಿಗೆ, ಒಡಕು ಸದ್ದಿನದು ಇನ್ನೊಂದು ಬದಿಗೆ. ಕುಗ್ಗಿದ್ದನ್ನು ಕಾಯಿಸಿ, ಬಡಿದು, ಮತ್ತೆ ಬಾಗು ಕೊಡುತ್ತಾನೆ. ಮಧ್ಯಾಹ್ನದ ಊಟದ ಹೊತ್ತಿಗೆ ಗಾಡಿ ಸಿದ್ಧ. ಹೊಸ ಬುಶ್ ಹಾಕಿಸಿದ ದಿನ ಅಮೀನಗಡದ ಸ್ಪೀಡ್ ಬ್ರೇಕರುಗಳ ಮೇಲೆ ಗಾಡಿ ಕಿರಿಕಿರಿ ಎನ್ನುವುದಿಲ್ಲ. ಎರಡು ವಾರದ ಮೇಲೆ ಮತ್ತೆ ಶುರು. ಅದಕ್ಕೆ ಗ್ರೀಸ್ ಹೊಡೆಸಿಕೊಳ್ಳಬೇಕು, ಬೇರೆ ಮದ್ದಿಲ್ಲ.

ಬಾದಾಮಿಯ ಕಿಲೋಮೀಟರ್ ಕ್ಲಚ್ಚಿನದು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿದಾಗ, ಏಳು ಸೀಟಿನ ಗಾಡಿಯಲ್ಲಿ ಮಕ್ಕಳು ಮರಿ ರೊಟ್ಟಿ ಬುತ್ತಿ ಸಮೇತ ಹನ್ನೊಂದು ಮಂದಿ ಕುಳಿತು, ಎತ್ತಿನ ಗಾಡಿಗಳ ಹಿಂದೆ ಅರ್ಧ ಕ್ಲಚ್ಚಿನಲ್ಲಿ ತೆವಳುವಾಗ ಪ್ಲೇಟ್ ಸುಡುವ ವಾಸನೆ ಮಿರ್ಚಿಯ ವಾಸನೆಯ ಜೊತೆ ಬರುತ್ತದೆ. ಇನ್ನೊಂದು ಎಚ್ಚರಿಕೆ ನೀರಿನದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತು. ಹೊಳೆದಂಡೆಯ ಊರುಗಳ ಹಳೆಯ ಗಾಡಿ ಕೊಳ್ಳುವಾಗ ಮ್ಯಾಟ್ ಎತ್ತಿ ನೋಡಿ, ಸೀಟಿನ ಕಂಬಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಹಿಂದಿನ ಹೌಸಿಂಗಿನ ಆಯಿಲ್ ತೆಗೆಸಿ ನೋಡಿ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದ ನೀರು ಎಳೆದುಕೊಳ್ಳುತ್ತದೆ. ಹಳ್ಳ ದಾಟಿದ ಮೇಲೂ ಇದೇ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಕೆಟ್ಟರೆ ರಿಪೇರಿ ಆಗುತ್ತದೆ ಎನ್ನುವುದು ಗಾಡಿಯ ಮಾತು. ಒಳಗೆ ಕೂತವರಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್, ಡ್ರೈವರಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ನನ್ನ ಗಾಡಿಯಲ್ಲಿ ಎರಡೂ ಇಲ್ಲ. ಹಿಂದೆ ಎದುರುಬದುರು ಕೂರುವ ಅಡ್ಡ ಸೀಟುಗಳಲ್ಲಿ ಬೆಲ್ಟ್ ಇಲ್ಲ, ಅಲ್ಲಿ ಮಕ್ಕಳನ್ನು ಕೂರಿಸುವುದು ನಮ್ಮ ಕಡೆಯ ರೂಢಿ. ದಪ್ಪ ತಗಡು ಕಾಪಾಡುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ತಗಡು ಬಗ್ಗದಿದ್ದರೆ ಪೆಟ್ಟು ಒಳಗಿದ್ದವರಿಗೆ. ನಾಲ್ಕು ಪಥದ ಹೆದ್ದಾರಿ 50ರಲ್ಲಿ ಹಿಂದಿನ ದೀಪವಿಲ್ಲದೆ ನಿಂತ ಲಾರಿ ರಾತ್ರಿ ಎದುರಾದರೆ ಯಾವ ಗಾಡಿಯ ಬ್ರೇಕಿಗೂ ಕಷ್ಟವೇ, ಹಳೆಯ ಡ್ರಮ್ ಬ್ರೇಕಿಗೆ ಇನ್ನೂ ಕಷ್ಟ. ಕತ್ತಲಾದ ಮೇಲೆ ಆ ರಸ್ತೆಗೆ ಕುಟುಂಬ ಕರೆದುಕೊಂಡು ನಾನು ಹೋಗುವುದಿಲ್ಲ. ಸಾರಿಗೆ ಬಸ್ಸಿದೆ. ಹೊಗೆಯ ವಿಷಯದಲ್ಲೂ ಸಮರ್ಥನೆ ಇಲ್ಲ. ನೋಝಲ್ ಸರಿಪಡಿಸಿಕೊಂಡರೆ ಕಪ್ಪು ಕಡಿಮೆಯಾಗುತ್ತದೆ, ಹೊಸ ಗಾಡಿಯಷ್ಟು ಶುದ್ಧವಾಗುವುದಿಲ್ಲ.

ಇನ್ನು ಕಾಗದ. ದಿಲ್ಲಿಯ ಹತ್ತು ವರ್ಷದ ಡೀಸೆಲ್ ನಿಯಮ ಇಲ್ಲಿಗೂ ಬಂತೆಂದು ಚಹಾದಂಗಡಿಯಲ್ಲಿ ವರ್ಷಕ್ಕೊಮ್ಮೆ ಸುದ್ದಿ ಹಬ್ಬುತ್ತದೆ. ಅದು ರಾಜಧಾನಿ ವಲಯದ್ದು. ನಮ್ಮಲ್ಲಿ ಸ್ವಂತ ಬಳಕೆಯ ಗಾಡಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಕಾರು, ಜೀಪಿಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಸರ್ಕಾರದ ಇಂಗಿತ ಸ್ಪಷ್ಟ: ಗುಜರಿಗೆ ಹಾಕಿ. ಅಮೀನಗಡದಲ್ಲಿ ಕುರಿ ಮಾರಿ ಗಾಡಿಯ ಖರ್ಚು ತೂಗಿಸುವವನು ಮಾತ್ರ ಬೇರೆ ಲೆಕ್ಕ ಹಾಕುತ್ತಾನೆ. ಐದು ವರ್ಷಕ್ಕೆ ಹತ್ತು ಸಾವಿರವೆಂದರೆ ವರ್ಷಕ್ಕೆ ಎರಡು ಸಾವಿರ; ಹೊಸ ಗಾಡಿಯಾದರೆ ಒಂದು ತಿಂಗಳ ಕಂತೇ ಅದಕ್ಕಿಂತ ಎಷ್ಟೋ ಪಟ್ಟು. ನನ್ನದೂ ಅದೇ ಲೆಕ್ಕ. 2024ರಲ್ಲಿ ನವೀಕರಿಸಿದ ಆರ್‌ಸಿ 2029ರವರೆಗೆ ನಡೆಯುತ್ತದೆ. ಆಗ ಹತ್ತು ಸಾವಿರ ಕಟ್ಟುವುದೋ ಬಿಡುವುದೋ ಎನ್ನುವುದನ್ನು ಮೀಟರ್ ನೋಡಿ ತೀರ್ಮಾನಿಸುವುದಿಲ್ಲ. ಚಾಸಿಯ ಮೂಲೆಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡುತ್ತೇನೆ. ಎಂಜಿನ್ ಬಿಚ್ಚಿ ಕಟ್ಟುವವರು ಇನ್ನೂ ಇದ್ದಾರೆ, ತುಕ್ಕು ತಿಂದ ಚಾಸಿಗೆ ಯಾರೂ ಇಲ್ಲ.