ರಷ್ಯಾದ ‘ಸಿಸ್ಟೆಮಾ’ ಸಮೂಹ: ವಹಿವಾಟು, ಮನ್ನಣೆ ಮತ್ತು ಅದರಿಂದ ಕಲಿಯಬೇಕಾದುದು

ಉದ್ಯಮ ಸಮೂಹವೊಂದರ ವರ್ಷದ ಸಾಧನೆಯನ್ನು ಅಳೆಯುವಾಗ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಅದರ ಒಟ್ಟು ವಹಿವಾಟು. ಪತ್ರಿಕೆಗಳು ಪ್ರಕಟಿಸುವ ದೊಡ್ಡ ಕಂಪನಿಗಳ ಪಟ್ಟಿಗಳೂ ಬಹುತೇಕ ಇದೇ ಅಂಕಿಯನ್ನು ಆಧರಿಸಿರುತ್ತವೆ. ಆದರೆ ವಹಿವಾಟು ದೊಡ್ಡದಾದ ಮಾತ್ರಕ್ಕೆ ಸಂಸ್ಥೆ ಭದ್ರವಾಗಿದೆಯೆಂದು ಭಾವಿಸಬಹುದೇ? ಈ ಪ್ರಶ್ನೆಗೆ ರಷ್ಯಾದ ‘ಎಎಫ್‌ಕೆ ಸಿಸ್ಟೆಮಾ’ ಎಂಬ ಬಹುವಿಧ ಹೂಡಿಕೆ ಸಂಸ್ಥೆಯ ಮೂರು ದಶಕಗಳ ಇತಿಹಾಸದಲ್ಲಿ ಸ್ಪಷ್ಟವಾದ ಉತ್ತರ ದೊರೆಯುತ್ತದೆ. ಈ ಸಂಸ್ಥೆ ಕರ್ನಾಟಕಕ್ಕೂ ಪೂರ್ತಿ ಅಪರಿಚಿತವಲ್ಲ. ‘ಎಂಟಿಎಸ್’ ಹೆಸರಿನ ಮೊಬೈಲ್ ಸೇವೆಯ ಮೂಲಕ ಅದು ಕೆಲವು ವರ್ಷ ನಮ್ಮ ಮಾರುಕಟ್ಟೆಯಲ್ಲಿಯೂ ಇತ್ತು.

ಸಮೂಹದ ಬೆಳವಣಿಗೆ

ಸೋವಿಯತ್ ಒಕ್ಕೂಟ ಕುಸಿದ ಎರಡು ವರ್ಷಗಳಲ್ಲಿಯೇ, ಅಂದರೆ 1993ರಲ್ಲಿ, ವ್ಲಾದಿಮಿರ್ ಯೆವ್ತುಶೆಂಕೋವ್ ಸಿಸ್ಟೆಮಾವನ್ನು ಸ್ಥಾಪಿಸಿದರು. ಅದಕ್ಕೂ ಮೊದಲು ಅವರು ಮಾಸ್ಕೋ ನಗರಾಡಳಿತದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಸಮಿತಿಯ ಹೊಣೆ ಹೊತ್ತಿದ್ದರು. ಸರ್ಕಾರಿ ಆಸ್ತಿಗಳು ಖಾಸಗಿಯವರ ಕೈಸೇರುತ್ತಿದ್ದ ಆ ಕಾಲದಲ್ಲಿ ಸಂಸ್ಥೆಯು ದೂರವಾಣಿ, ಬ್ಯಾಂಕು, ವಿಮೆ, ಪ್ರವಾಸೋದ್ಯಮ, ಎಲೆಕ್ಟ್ರಾನಿಕ್ಸ್, ಚಿಲ್ಲರೆ ವ್ಯಾಪಾರ, ಗೃಹ ನಿರ್ಮಾಣ ಹೀಗೆ ಅನೇಕ ಕ್ಷೇತ್ರಗಳಲ್ಲಿ ಪಾಲು ಪಡೆಯಿತು. ಮೊಬೈಲ್ ಟೆಲಿಸಿಸ್ಟಮ್ಸ್ (ಎಂಟಿಎಸ್), ಮಕ್ಕಳ ಸಾಮಗ್ರಿಗಳ ಮಳಿಗೆಗಳಾದ ದೆತ್ಸ್ಕಿ ಮೀರ್, ವೈದ್ಯಕೀಯ ಕೇಂದ್ರಗಳಾದ ಮೆದ್ಸಿ, ಪ್ರವಾಸಿ ಸಂಸ್ಥೆ ಇನ್‌ಟೂರಿಸ್ಟ್ ಮುಂತಾದವು ಅದರ ಅಂಗಸಂಸ್ಥೆಗಳಾಗಿದ್ದವು.

2000ದಲ್ಲಿ ಎಂಟಿಎಸ್ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವನ್ನು ಪ್ರವೇಶಿಸಿತು. 2005ರ ಫೆಬ್ರುವರಿಯಲ್ಲಿ ಮಾತೃಸಂಸ್ಥೆಯೇ ಲಂಡನ್ನಿನಲ್ಲಿ ಸುಮಾರು 156 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿತು. ರಷ್ಯಾದ ಕಂಪನಿಯೊಂದು ಅಲ್ಲಿಯವರೆಗೆ ಮಾಡಿದ್ದ ಅತಿ ದೊಡ್ಡ ಸಾರ್ವಜನಿಕ ಷೇರು ನೀಡಿಕೆ ಅದಾಗಿತ್ತು. 2009ರಲ್ಲಿ ಬಾಷ್ಕೊರ್ತೊಸ್ತಾನ್ ಪ್ರಾಂತ್ಯದ ತೈಲ ಕಂಪನಿ ಬಾಷ್‌ನೆಫ್ಟ್ ಹಾಗೂ ಅದರ ಸಂಸ್ಕರಣಾಗಾರಗಳು ಸುಮಾರು 250 ಕೋಟಿ ಡಾಲರಿಗೆ ಸಿಸ್ಟೆಮಾದ ವಶವಾದವು. 2011ರಲ್ಲಿ ಸಮೂಹದ ಒಟ್ಟು ವಹಿವಾಟು ಸುಮಾರು 3,300 ಕೋಟಿ ಡಾಲರ್ ಮುಟ್ಟಿತು. ಮರುವರ್ಷದ ಫಾರ್ಚ್ಯೂನ್ ಗ್ಲೋಬಲ್ 500 ಪಟ್ಟಿಯಲ್ಲಿ ಗಾಝ್‌ಪ್ರೋಮ್, ಲುಕ್‌ಆಯಿಲ್, ಸ್ಬೆರ್‌ಬ್ಯಾಂಕ್‌ಗಳ ಜೊತೆಗೆ ಸಿಸ್ಟೆಮಾದ ಹೆಸರೂ ಇತ್ತು. ಹೊರನೋಟಕ್ಕೆ ಇದಕ್ಕಿಂತ ಹೆಚ್ಚಿನ ಮನ್ನಣೆ ಬೇಕಿರಲಿಲ್ಲ.

ಕ್ರೋಡೀಕೃತ ಲೆಕ್ಕಪತ್ರದ ಒಳಗುಟ್ಟು

ಇಂಥ ಸಮೂಹಗಳ ವಹಿವಾಟಿನ ಅಂಕಿಯನ್ನು ಓದುವ ಕ್ರಮವನ್ನು ಮೊದಲು ಅರಿಯಬೇಕು. ವ್ಯಾಪಾರಿಯೊಬ್ಬನು ಅಕ್ಕಿ ಗಿರಣಿಯೊಂದರಲ್ಲಿ ಶೇಕಡ 51ರಷ್ಟು ಪಾಲು ಹೊಂದಿದ್ದಾನೆಂದು ಭಾವಿಸೋಣ. ಗಿರಣಿಯ ವರ್ಷದ ವಹಿವಾಟು 10 ಕೋಟಿ ರೂಪಾಯಿ. ಕ್ರೋಡೀಕೃತ ಲೆಕ್ಕಪತ್ರದಲ್ಲಿ ಆತನ ಪಾಲಿನ 5.1 ಕೋಟಿಯಲ್ಲ, ಪೂರ್ತಿ 10 ಕೋಟಿ ಸೇರುತ್ತದೆ. ಲಾಭದಲ್ಲಿ ಮಾತ್ರ ಉಳಿದ ಶೇಕಡ 49ರ ಪಾಲನ್ನು ಕೊನೆಯಲ್ಲಿ ಬೇರ್ಪಡಿಸಲಾಗುತ್ತದೆ. ಇನ್ನು ಗಿರಣಿಯ ತಿಜೋರಿಯಲ್ಲಿರುವ ಹಣವನ್ನು ಆತನು ತನ್ನ ಮನೆಯ ಸಾಲಕ್ಕೆ ತೆಗೆದುಕೊಳ್ಳುವಂತಿಲ್ಲ. ಗಿರಣಿ ಲಾಭಾಂಶ ಘೋಷಿಸಿದಾಗ ತನ್ನ ಪಾಲಿಗೆ ಬಂದಷ್ಟೇ ಆತನಿಗೆ.

ಸಿಸ್ಟೆಮಾದ ಸ್ಥಿತಿಯೂ ಇದೇ. ಎಂಟಿಎಸ್‌ನಲ್ಲಿ ಅದರ ಪಾಲು ಸುಮಾರು ಅರ್ಧದಷ್ಟೇ ಇದ್ದರೂ ವಹಿವಾಟು ಮಾತ್ರ ಪೂರ್ತಿಯಾಗಿ ಸಮೂಹದ ಲೆಕ್ಕಕ್ಕೆ ಸೇರುತ್ತದೆ. ಮಾತೃಸಂಸ್ಥೆಯು ತನ್ನ ಸಾಲದ ಬಡ್ಡಿಯನ್ನು ಕಟ್ಟುವುದು ಮುಖ್ಯವಾಗಿ ಅಂಗಸಂಸ್ಥೆಗಳ ಲಾಭಾಂಶದಿಂದ ಮತ್ತು ಆಗಾಗ ಆಸ್ತಿಗಳನ್ನು ಮಾರಿ ಬಂದ ಹಣದಿಂದ. ಆದ್ದರಿಂದ ಸಮೂಹದ ವಹಿವಾಟು ಎಷ್ಟು ಎಂಬುದಕ್ಕಿಂತ ಮಾತೃಸಂಸ್ಥೆಯ ಕೈಗೆ ಎಷ್ಟು ನಗದು ಬರುತ್ತದೆ, ಆ ನಗದು ತರುವ ಆಸ್ತಿಯ ಹಕ್ಕು ಎಷ್ಟು ಗಟ್ಟಿ ಎಂಬುದೇ ನಿಜವಾದ ಪರೀಕ್ಷೆ.

ಪರವಾನಗಿಯ ಪೆಟ್ಟು

ದೂರಸಂಪರ್ಕ ಉದ್ಯಮವು ಸರ್ಕಾರದ ಪರವಾನಗಿಯ ಮೇಲೆ ನಿಂತಿದೆ. 2010ರ ಡಿಸೆಂಬರ್‌ನಲ್ಲಿ ತುರ್ಕ್‌ಮೆನಿಸ್ತಾನದಲ್ಲಿ ಎಂಟಿಎಸ್‌ನ ಸೇವೆ ಸ್ಥಗಿತಗೊಂಡಿತು. 2012ರಲ್ಲಿ ಉಜ್ಬೆಕಿಸ್ತಾನದಲ್ಲಿ ಅದರ ಅಂಗಸಂಸ್ಥೆಯ ಪರವಾನಗಿ ರದ್ದಾಯಿತು. ಉಜ್ಬೆಕಿಸ್ತಾನದ ಮಾರುಕಟ್ಟೆಗಾಗಿ ಲಂಚ ನೀಡಿದ ಪ್ರಕರಣದಲ್ಲಿ 2019ರಲ್ಲಿ ಅಮೆರಿಕದ ಅಧಿಕಾರಿಗಳಿಗೆ 85 ಕೋಟಿ ಡಾಲರ್ ದಂಡ ತೆರಲು ಎಂಟಿಎಸ್ ಒಪ್ಪಬೇಕಾಯಿತು. ವ್ಯವಹಾರ ಮುಗಿದ ಎಷ್ಟೋ ವರ್ಷಗಳ ಬಳಿಕವೂ ಅದರ ಬೆಲೆ ತೆರಬೇಕಾಗಬಹುದೆಂಬುದಕ್ಕೆ ಇದು ನಿದರ್ಶನ.

ಭಾರತದಲ್ಲಿ ಆದ ಅನುಭವ ಇನ್ನೂ ಕಠಿಣವಾದುದು. 2007ರಲ್ಲಿ ಸಿಸ್ಟೆಮಾ ರಾಜಸ್ತಾನದಲ್ಲಿ ಸೇವೆ ನೀಡುತ್ತಿದ್ದ ಶ್ಯಾಮ್ ಟೆಲಿಲಿಂಕ್‌ನಲ್ಲಿ ಪಾಲು ಪಡೆಯಿತು. 2008ರಲ್ಲಿ ಉಳಿದ ವಲಯಗಳಿಗೂ ಪರವಾನಗಿ ದೊರೆಯಿತು. ಸಿಸ್ಟೆಮಾ ಶ್ಯಾಮ್ ಟೆಲಿಸರ್ವಿಸಸ್ ಎಂಬ ಹೊಸ ಹೆಸರಿನ ಈ ಕಂಪನಿಯಲ್ಲಿ 2011ರಲ್ಲಿ ರಷ್ಯಾ ಸರ್ಕಾರವೇ ಸುಮಾರು 60 ಕೋಟಿ ಡಾಲರ್ ತೊಡಗಿಸಿ ಶೇಕಡ 17ರಷ್ಟು ಪಾಲು ಪಡೆಯಿತು. ಆದರೆ 2012ರ ಫೆಬ್ರುವರಿ 2ರಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹಂಚಿಕೆಯಾದ 122 ಪರವಾನಗಿಗಳನ್ನು ರದ್ದುಗೊಳಿಸಿತು. ಅವುಗಳಲ್ಲಿ 21 ಈ ಒಂದೇ ಕಂಪನಿಯವು. ರಾಜಸ್ತಾನದ್ದೊಂದೇ ಉಳಿಯಿತು.

2013ರ ಮಾರ್ಚ್‌ನಲ್ಲಿ ನಡೆದ ಹರಾಜಿನಲ್ಲಿ ಕಂಪನಿಯು ಏಕೈಕ ಬಿಡ್‌ದಾರನಾಗಿ ಎಂಟು ವಲಯಗಳ ತರಂಗಾಂತರವನ್ನು 3,639 ಕೋಟಿ ರೂಪಾಯಿಗೆ ಪಡೆಯಿತು. ಕರ್ನಾಟಕವೂ ಆ ಎಂಟರಲ್ಲಿ ಒಂದು. ಮುಂಬೈ ಸೇರಿದಂತೆ ಉಳಿದ ವಲಯಗಳಲ್ಲಿ ಸೇವೆ ಮುಚ್ಚಿತು. 2017ರ ಅಕ್ಟೋಬರ್ ಕೊನೆಯಲ್ಲಿ ಈ ವ್ಯವಹಾರವು ರಿಲಯನ್ಸ್ ಕಮ್ಯುನಿಕೇಷನ್ಸ್‌ನಲ್ಲಿ ವಿಲೀನಗೊಂಡಿತು. ಅದಕ್ಕೆ ಪ್ರತಿಯಾಗಿ ಸುಮಾರು ಶೇಕಡ 10ರಷ್ಟು ಷೇರು ದೊರೆಯಿತು. ಆ ಕಂಪನಿಯೂ ಕೆಲವೇ ವಾರಗಳಲ್ಲಿ ಮೊಬೈಲ್ ಸೇವೆಯನ್ನು ನಿಲ್ಲಿಸಿ, 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ನಗದಿನ ಬದಲಿಗೆ ಪಡೆದ ಷೇರಿನ ಗತಿ ಹೀಗಾಯಿತು.

ಹಕ್ಕುಪತ್ರದ ದೋಷ

ಇದೆಲ್ಲಕ್ಕಿಂತ ದೊಡ್ಡ ಹೊಡೆತ ಬಿದ್ದುದು ತಾಯ್ನಾಡಿನಲ್ಲಿಯೇ. ಸಿಸ್ಟೆಮಾದ ಆಡಳಿತದಲ್ಲಿ ಬಾಷ್‌ನೆಫ್ಟ್ ಚೆನ್ನಾಗಿಯೇ ನಡೆದಿತ್ತು. 2009ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ವಾರ್ಷಿಕ ತೈಲ ಉತ್ಪಾದನೆ 2013ರ ವೇಳೆಗೆ ಸುಮಾರು 1.6 ಕೋಟಿ ಟನ್‌ಗೆ ಏರಿತ್ತು. ಸಮೂಹದ ವಹಿವಾಟಿನ ಸುಮಾರು ಅರ್ಧ ಭಾಗ ಇದೊಂದೇ ಕಂಪನಿಯಿಂದ ಬರುತ್ತಿತ್ತು. ಆದರೆ ಆಸ್ತಿಯ ಮೂಲದಲ್ಲಿ ತಕರಾರಿತ್ತು. ಸರ್ಕಾರದ ಕೈಯಿಂದ ಈ ಕಂಪನಿಗಳು ಖಾಸಗಿಯವರಿಗೆ ಹೋದ ಬಗೆಯೇ ಕಾನೂನುಬಾಹಿರವೆಂದು ತನಿಖಾಧಿಕಾರಿಗಳು ಆರೋಪಿಸಿದರು.

2014ರ ಸೆಪ್ಟೆಂಬರ್ 16ರಂದು ಯೆವ್ತುಶೆಂಕೋವ್ ಅವರನ್ನು ಗೃಹಬಂಧನದಲ್ಲಿರಿಸಲಾಯಿತು. ಮರುದಿನ ಸಿಸ್ಟೆಮಾ ಷೇರಿನ ಬೆಲೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅಕ್ಟೋಬರ್ 30ರಂದು ಮಾಸ್ಕೋದ ವಾಣಿಜ್ಯ ನ್ಯಾಯಾಲಯವು ಬಾಷ್‌ನೆಫ್ಟ್ ಷೇರುಗಳನ್ನು ಸರ್ಕಾರಕ್ಕೆ ಮರಳಿಸಲು ಆದೇಶಿಸಿತು. ಷೇರುಗಳು ಸರ್ಕಾರದ ವಶವಾದ ನಂತರ, ಡಿಸೆಂಬರ್‌ನಲ್ಲಿ ಯೆವ್ತುಶೆಂಕೋವ್ ಬಿಡುಗಡೆಯಾದರು. ಮುಂದೆ ಅವರ ಮೇಲಿನ ಮೊಕದ್ದಮೆಯನ್ನೂ ಕೈಬಿಡಲಾಯಿತು. ಆದರೆ ಕಂಪನಿ ಮಾತ್ರ ಮರಳಲಿಲ್ಲ. ಸಿಸ್ಟೆಮಾ ಮೂಲ ಮಾರಾಟಗಾರ ಸಂಸ್ಥೆಯ ಮೇಲೆ ದಾವೆ ಹೂಡಿತು. ನ್ಯಾಯಾಲಯ 7,070 ಕೋಟಿ ರೂಬಲ್ ಕೊಡಿಸಿದರೂ 2015ರ ರಾಜಿಯಲ್ಲಿ ಕೈಗೆ ಬಂದುದು 4,650 ಕೋಟಿ ರೂಬಲ್.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ಸರ್ಕಾರಿ ಒಡೆತನದ ರಾಸ್‌ನೆಫ್ಟ್, ಬಾಷ್‌ನೆಫ್ಟ್‌ನ ನಿಯಂತ್ರಣ ಪಾಲನ್ನು ಖರೀದಿಸಿತು. ಹಿಂದಿನ ಒಡೆಯರು ಕಂಪನಿಯ ಆಸ್ತಿಯನ್ನು ಕರಗಿಸಿದ್ದಾರೆಂದು 2017ರಲ್ಲಿ ದಾವೆ ಹೂಡಿತು. ಸಿಸ್ಟೆಮಾ ಇದನ್ನು ಅಲ್ಲಗಳೆಯಿತು. ಆದರೂ ಉಫಾ ನಗರದ ನ್ಯಾಯಾಲಯ ಆಗಸ್ಟ್‌ನಲ್ಲಿ 13,630 ಕೋಟಿ ರೂಬಲ್ ಪರಿಹಾರ ವಿಧಿಸಿತು. ಡಿಸೆಂಬರ್‌ನಲ್ಲಿ 10,000 ಕೋಟಿ ರೂಬಲ್‌ಗೆ ರಾಜಿಯಾಯಿತು. ಕಳೆದುಕೊಂಡ ಆಸ್ತಿಗಾಗಿಯೇ ಮತ್ತೆ ಹಣ ತೆರಬೇಕಾಗಿ ಬಂದುದು ವಾಣಿಜ್ಯ ಇತಿಹಾಸದಲ್ಲಿ ಅಪರೂಪ. ಈ ಮೊತ್ತವನ್ನು ಹೊಂದಿಸಲು ಮಾತೃಸಂಸ್ಥೆ ಸಾಲ ಮಾಡಬೇಕಾಯಿತು.

ಸಾಲದ ಹೊರೆ

ಮುಂದಿನ ವರ್ಷಗಳಲ್ಲಿಯೂ ಸಾಧನೆಗಳು ಇಲ್ಲದಿರಲಿಲ್ಲ. ಸಿಸ್ಟೆಮಾ ದೊಡ್ಡ ಪಾಲು ಹೊಂದಿದ್ದ ಆನ್‌ಲೈನ್ ಮಾರಾಟ ಸಂಸ್ಥೆ ಓಜೋನ್ 2020ರ ನವೆಂಬರ್‌ನಲ್ಲಿ ಅಮೆರಿಕದ ನಾಸ್ಡಾಕ್ ಪ್ರವೇಶಿಸಿತು. ಮರ ಮತ್ತು ಕಾಗದ ಉತ್ಪನ್ನಗಳ ಸೆಗೇಜಾ 2021ರಲ್ಲಿ ಮಾಸ್ಕೋದಲ್ಲಿ 3,000 ಕೋಟಿ ರೂಬಲ್ ಸಂಗ್ರಹಿಸಿತು. ಬೆಂಗಳೂರಿನ ಲಿಶಿಯಸ್‌ನಂಥ ಹೊಸ ಉದ್ಯಮಗಳಲ್ಲಿಯೂ ಸಮೂಹದ ಏಷ್ಯಾ ನಿಧಿ ಹೂಡಿಕೆ ಮಾಡಿತ್ತು.

2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ಆಕ್ರಮಣ ಮಾಡಿದ ನಂತರ ಚಿತ್ರವೇ ಬದಲಾಯಿತು. ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಸಿಸ್ಟೆಮಾ ಷೇರಿನ ವಹಿವಾಟು ಸ್ಥಗಿತಗೊಂಡಿತು. ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ ಯೆವ್ತುಶೆಂಕೋವ್ ಮೇಲೆ ನಿರ್ಬಂಧ ಹೇರಿತು. ಅದೇ ಸಮಯದಲ್ಲಿ ಅವರು ಶೇಕಡ 10ರಷ್ಟು ಪಾಲನ್ನು ಮಗನಿಗೆ ವರ್ಗಾಯಿಸಿ, ತಮ್ಮ ಪಾಲನ್ನು ಅರ್ಧಕ್ಕಿಂತ ಕೆಳಗೆ ಇಳಿಸಿಕೊಂಡರು. ಯೂರೋಪ್ ಒಕ್ಕೂಟವು ರಷ್ಯಾದ ಮರದ ಆಮದನ್ನು ನಿಷೇಧಿಸಿದುದರಿಂದ ಸೆಗೇಜಾ ತನ್ನ ಒಳ್ಳೆಯ ಮಾರುಕಟ್ಟೆಯನ್ನು ಕಳೆದುಕೊಂಡಿತು.

ಇದರ ಮೇಲೆ ಬಡ್ಡಿಯ ಭಾರ. ರಷ್ಯಾದ ಕೇಂದ್ರ ಬ್ಯಾಂಕು 2024ರ ಅಕ್ಟೋಬರ್‌ನಲ್ಲಿ ಮೂಲ ಬಡ್ಡಿ ದರವನ್ನು ಶೇಕಡ 21ಕ್ಕೆ ಏರಿಸಿತು. ಸಮೂಹದ ವಹಿವಾಟು 2023ರಲ್ಲಿ 1 ಲಕ್ಷ ಕೋಟಿ ರೂಬಲ್ ದಾಟಿ, 2024ರಲ್ಲಿ ಸುಮಾರು 1.2 ಲಕ್ಷ ಕೋಟಿ ತಲುಪಿತು. ರೂಬಲ್ ಲೆಕ್ಕದಲ್ಲಿ ಇಷ್ಟು ದೊಡ್ಡ ವಹಿವಾಟು ಹಿಂದೆಂದೂ ಇರಲಿಲ್ಲ. ಆದರೂ ಅದೇ ವರ್ಷ ಸಮೂಹ ನಿವ್ವಳ ನಷ್ಟ ಅನುಭವಿಸಿತು. ಮಾತೃಸಂಸ್ಥೆಯ ಸಾಲವೇ ಸುಮಾರು 30,000 ಕೋಟಿ ರೂಬಲ್ ಇದ್ದಾಗ ವಹಿವಾಟಿನ ಏರಿಕೆಯ ಫಲವೆಲ್ಲ ಬಡ್ಡಿಗೇ ಹೋಗುವುದು ಸಹಜ. 2025ರಲ್ಲಿ ಸೆಗೇಜಾ ಸುಮಾರು 11,300 ಕೋಟಿ ರೂಬಲ್ ಮೌಲ್ಯದ ಹೊಸ ಷೇರು ಹೊರಡಿಸಿ ತನ್ನ ಸಾಲವನ್ನು ತಗ್ಗಿಸಿಕೊಳ್ಳಬೇಕಾಯಿತು.

ನಮ್ಮ ಉದ್ದಿಮೆದಾರರು ಗಮನಿಸಬೇಕಾದುದು

ಇಷ್ಟು ದೂರದ ದೇಶದ ಇಷ್ಟು ದೊಡ್ಡ ಸಮೂಹದ ಕಥೆ ಸಣ್ಣ ಉದ್ದಿಮೆದಾರರಿಗೆ ಏತಕ್ಕೆಂಬ ಪ್ರಶ್ನೆ ಏಳಬಹುದು. ಮೊತ್ತ ಬೇರೆಯಾದರೂ ನ್ಯಾಯ ಒಂದೇ.

ಮೊದಲನೆಯದಾಗಿ, ಸಮೂಹದ ಹೆಸರು ನೋಡಿ ಉದ್ರಿ ಕೊಡಬಾರದು. ಖರೀದಿ ಆದೇಶಕ್ಕೆ ಸಹಿ ಹಾಕಿದ ಕಂಪನಿ ಯಾವುದು, ಅದರ ಸ್ವಂತ ಅಢಾವೆ ಪತ್ರಿಕೆ ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಮಾತೃಸಂಸ್ಥೆಯು ಲಿಖಿತ ಖಾತರಿ ನೀಡದ ಹೊರತು ಅಂಗಸಂಸ್ಥೆಯ ಬಾಕಿಗೆ ಅದು ಹೊಣೆಯಲ್ಲ. ಕಂಪನಿ ನೋಂದಣಾಧಿಕಾರಿಗಳಲ್ಲಿ ಸಲ್ಲಿಕೆಯಾದ ಲೆಕ್ಕಪತ್ರ ಹಾಗೂ ಆಸ್ತಿಗಳ ಮೇಲಿನ ಅಡಮಾನದ ವಿವರಗಳನ್ನು ಅಲ್ಪ ಶುಲ್ಕಕ್ಕೆ ಯಾರು ಬೇಕಾದರೂ ಪರಿಶೀಲಿಸಬಹುದು.

ಎರಡನೆಯದಾಗಿ, ನಡೆಯುತ್ತಿರುವ ಉದ್ದಿಮೆಯನ್ನಾಗಲಿ, ಶೆಡ್ ಅಥವಾ ನಿವೇಶನವನ್ನಾಗಲಿ ಕೊಳ್ಳುವಾಗ ಮಾರುವವನ ಹಕ್ಕನ್ನಷ್ಟೇ ನೋಡಿದರೆ ಸಾಲದು. ಅವನಿಗೆ ಅದು ಬಂದ ಬಗೆಯನ್ನೂ ಮೂಲದವರೆಗೆ ಪರಿಶೀಲಿಸಬೇಕು. ಹಕ್ಕಿನಲ್ಲಿ ದೋಷ ಕಂಡುಬಂದರೆ ಮಾರಾಟಗಾರನೇ ನಷ್ಟ ಭರ್ತಿ ಮಾಡತಕ್ಕದ್ದೆಂಬ ಷರತ್ತು ಕರಾರಿನಲ್ಲಿರಬೇಕು. ಬಾಷ್‌ನೆಫ್ಟ್ ಪ್ರಕರಣದಲ್ಲಿ ಸಿಸ್ಟೆಮಾಕ್ಕೆ ಅಷ್ಟಾದರೂ ಮರಳಿ ಬಂದುದು ಮಾರಾಟಗಾರನನ್ನು ಹೊಣೆಯಾಗಿಸಲು ಸಾಧ್ಯವಾದುದರಿಂದ.

ಮೂರನೆಯದಾಗಿ, ಒಂದು ವ್ಯವಹಾರದ ನಷ್ಟವನ್ನು ಇನ್ನೊಂದರ ಹೆಸರಿನಲ್ಲಿ ಸಾಲ ಮಾಡಿ ತುಂಬುವ ಅಭ್ಯಾಸ ಅಪಾಯಕಾರಿ. ಬಡ್ಡಿ ದರ ಕಡಿಮೆಯಿದ್ದಾಗ ಅದರ ಕಾವು ತಿಳಿಯುವುದಿಲ್ಲ. ದರ ಏರಿದ ವರ್ಷ ವಹಿವಾಟು ಹೆಚ್ಚಿದ್ದರೂ ಕೈಯಲ್ಲಿ ಕಾಸು ನಿಲ್ಲುವುದಿಲ್ಲ.

ವರ್ಷದ ಕೊನೆಗೆ ಲೆಕ್ಕಪತ್ರ ಮುಗಿಸುವಾಗ ವಹಿವಾಟಿನ ಏರಿಕೆಯನ್ನು ಕಂಡು ಸಂತೋಷಪಡುವುದು ತಪ್ಪಲ್ಲ. ಆದರೆ ಅದೇ ದಿನ ಬಡ್ಡಿ ಕಳೆದು ಉಳಿದ ನಗದು ಎಷ್ಟು, ಆ ನಗದನ್ನು ತರುವ ಆಸ್ತಿ, ಪರವಾನಗಿ, ಗುತ್ತಿಗೆಗಳ ಕಾಗದಪತ್ರ ಎಷ್ಟರಮಟ್ಟಿಗೆ ಸರಿಯಾಗಿದೆ ಎಂಬುದನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಜಗತ್ತಿನ ಐನೂರು ದೊಡ್ಡ ಕಂಪನಿಗಳ ಸಾಲಿಗೆ ಸೇರಿದ ಸಂಸ್ಥೆಯೊಂದು ಎರಡೇ ವರ್ಷಗಳಲ್ಲಿ ತನ್ನ ವಹಿವಾಟಿನ ಅರ್ಧ ಭಾಗವನ್ನು ಕಳೆದುಕೊಂಡಿತು. ಅದಕ್ಕೆ ಕಾರಣ ವ್ಯಾಪಾರ ಕುಗ್ಗಿದುದಲ್ಲ, ಹಳೆಯ ಕಾಗದವೊಂದು ಪ್ರಶ್ನೆಗೊಳಗಾದುದು.