ಐದು ಡಾಲರ್ ಟಿಕೆಟ್, ಸಾವಿರ ಕಾರ್ಯಕ್ರಮ: ಫುಗಾಜಿ ತಂಡದ ಲೆಕ್ಕಾಚಾರ

ಪಂಕ್ ರಾಕ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬಣ್ಣ ಬಳಿದು ನೆಟ್ಟಗೆ ನಿಲ್ಲಿಸಿದ ಕೂದಲು, ಹರಿದ ಅಂಗಿ, ಕಿವಿಗಡಚಿಕ್ಕುವ ಗದ್ದಲ. ಆದರೆ ಇದೇ ಪಂಕ್ ಬಳಗದಿಂದ ಬಂದ ಅಮೆರಿಕದ ಒಂದು ತಂಡ 15 ವರ್ಷಗಳ ಕಾಲ ಸಾಮಾನ್ಯವಾಗಿ 5 ಡಾಲರ್ ಟಿಕೆಟ್ಟಿನಲ್ಲೇ ಹಾಡಿತು. ಮ್ಯಾನೇಜರ್ ಇರಲಿಲ್ಲ, ದೊಡ್ಡ ಕಂಪೆನಿಯೊಂದಿಗೆ ಕರಾರು ಇರಲಿಲ್ಲ, ತಂಡದ ಹೆಸರಿನ ಟೀ ಶರ್ಟ್ ಕೂಡ ಮಾರಲಿಲ್ಲ. ಆ ತಂಡದ ಹೆಸರು ಫುಗಾಜಿ. ಇದನ್ನು ತ್ಯಾಗದ ಕಥೆ ಎಂದು ಹೊಗಳುವವರಿದ್ದಾರೆ. ಹತ್ತಿರದಿಂದ ನೋಡಿದರೆ ಇದು ತ್ಯಾಗಕ್ಕಿಂತ ಹೆಚ್ಚಾಗಿ ಜಮಾ ಖರ್ಚಿನ ಕಥೆ.

ಆರುನೂರು ಡಾಲರ್ ಬಂಡವಾಳ

1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ರಾಮೋನ್ಸ್, ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್ ಮುಂತಾದ ತಂಡಗಳಿಂದ ಪಂಕ್ ಹೆಸರಾಯಿತು. ದೀರ್ಘ ಅಭ್ಯಾಸ ಬೇಡ, ದುಬಾರಿ ಸಲಕರಣೆ ಬೇಡ, ಹೇಳುವುದಿದ್ದರೆ ಯಾರೂ ತಂಡ ಕಟ್ಟಬಹುದು ಎಂಬ ಧೈರ್ಯವನ್ನು ಅದು ಹುಡುಗರಿಗೆ ಕೊಟ್ಟಿತು. ಈ ಗಾಳಿ ರಾಜಧಾನಿ ವಾಷಿಂಗ್ಟನ್ನಿಗೂ ಬೀಸಿತು. ಆದರೆ ಅದು ಸರಕಾರಿ ಕಚೇರಿಗಳ ಊರು. ಸಂಗೀತದ ದೊಡ್ಡ ಕಂಪೆನಿಗಳಿದ್ದದ್ದು ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್‌ನಲ್ಲಿ. ವಾಷಿಂಗ್ಟನ್ನಿನ ಹುಡುಗರನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ.

1980ರಲ್ಲಿ ಅಲ್ಲಿನ ಟೀನ್ ಐಡಲ್ಸ್ ಎಂಬ ಹದಿಹರೆಯದವರ ತಂಡ ಮುರಿದು ಬೀಳುವ ಹೊತ್ತಿಗೆ ಕಾರ್ಯಕ್ರಮಗಳಿಂದ ಬಂದ ಸುಮಾರು 600 ಡಾಲರ್ ಡಬ್ಬಿಯಲ್ಲಿ ಉಳಿದಿತ್ತು. ಅದನ್ನು ಹಂಚಿಕೊಳ್ಳುವ ಬದಲು ಅವರು ಒಂದು ಚಿಕ್ಕ ಗ್ರಾಮಫೋನ್ ತಟ್ಟೆ ಮಾಡಿಸಿದರು. ಪ್ರತಿಗಳು 1000. ಅದರ ಹೊರಕವಚವನ್ನು ಗೆಳೆಯರೆಲ್ಲ ಕೂತು ಕತ್ತರಿಸಿ, ಮಡಚಿ, ಅಂಟಿಸಿದರು. ಇದಕ್ಕಾಗಿ ಇಯಾನ್ ಮೆಕಾಯ್, ಜೆಫ್ ನೆಲ್ಸನ್ ಮೊದಲಾದವರು ಶುರು ಮಾಡಿದ ಸಂಸ್ಥೆಯೇ ಡಿಸ್ಕಾರ್ಡ್ ರೆಕಾರ್ಡ್ಸ್. ಒಂದು ತಟ್ಟೆ ಮಾರಿ ಬಂದ ಹಣದಲ್ಲಿ ಇನ್ನೊಂದು ತಂಡದ ತಟ್ಟೆ, ಹೀಗೆ ಸರಪಳಿ ಬೆಳೆಯಿತು.

ಮೆಕಾಯ್ ಮುಂದೆ ಮೈನರ್ ಥ್ರೆಟ್ ತಂಡದಲ್ಲಿ ಹಾಡಿದರು. 1983ರಲ್ಲಿ ಅದು ನಿಂತಿತು. 1987ರ ಸೆಪ್ಟೆಂಬರ್ 3ರಂದು ಫುಗಾಜಿಯ ಮೊದಲ ಕಾರ್ಯಕ್ರಮ ನಡೆಯಿತು. ಗಿಟಾರ್ ಮತ್ತು ಹಾಡುಗಾರಿಕೆಗೆ ಮೆಕಾಯ್, ಬೇಸ್ ಗಿಟಾರಿಗೆ ಜೋ ಲಾಲಿ, ಡ್ರಮ್ಸ್‌ಗೆ ಬ್ರೆಂಡನ್ ಕ್ಯಾಂಟಿ. ಸ್ವಲ್ಪದರಲ್ಲೇ ಗೈ ಪಿಚೊಟೊ ಬಂದು ಸೇರಿದರು. ಕೊನೆಯ ತನಕ ಈ ನಾಲ್ವರೇ. ಇಂದು ಯಾವ ಹಾಡು, ಯಾವುದರ ನಂತರ ಯಾವುದು ಎಂಬ ಪಟ್ಟಿಯನ್ನು ಅವರು ಮೊದಲೇ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ವೇದಿಕೆಯಲ್ಲಿ ಒಬ್ಬ ಎತ್ತಿದ್ದನ್ನು ಉಳಿದ ಮೂವರು ಹಿಡಿಯಬೇಕಿತ್ತು.

ಐದು ಡಾಲರ್ ಸಾಕಾದದ್ದು ಹೇಗೆ?

ದೊಡ್ಡ ತಂಡಗಳ ಟಿಕೆಟ್ ದುಬಾರಿಯಾಗುವುದು ಕಲಾವಿದರ ಆಸೆಯಿಂದ ಮಾತ್ರವಲ್ಲ. ನಡುವೆ ಕೈಗಳು ಬಹಳ. ಮ್ಯಾನೇಜರಿಗೆ ಸಾಮಾನ್ಯವಾಗಿ ಶೇ. 15ರಿಂದ 20, ಕಾರ್ಯಕ್ರಮ ಗೊತ್ತುಪಡಿಸುವ ಏಜೆಂಟನಿಗೆ ಶೇ. 10ರಷ್ಟು. ಮೇಲೆ ವಕೀಲರು, ಬಸ್ಸು, ಹೋಟೆಲ್, ಪ್ರಚಾರ. ಫುಗಾಜಿ ಈ ಪಟ್ಟಿಯನ್ನೇ ಹರಿದು ಹಾಕಿತು. ಸಭಾಂಗಣದವರೊಂದಿಗೆ ಫೋನಿನಲ್ಲಿ ಮಾತಾಡಿ ದಿನ ಗೊತ್ತು ಮಾಡುತ್ತಿದ್ದುದು ಸ್ವತಃ ಮೆಕಾಯ್. ಪ್ರಯಾಣ ವ್ಯಾನಿನಲ್ಲಿ. ಮೊದಲ ವರ್ಷಗಳಲ್ಲಿ ರಾತ್ರಿ ತಂಗುತ್ತಿದ್ದುದು ಪರಿಚಯದವರ ಮನೆಗಳಲ್ಲಿ. ಸಾವಿರ ಜನ ಸೇರಿದರೆ 5000 ಡಾಲರ್. ಬಾಡಿಗೆ, ಧ್ವನಿವರ್ಧಕ, ಜತೆಗೆ ಬಂದ ತಂಡದ ಪಾಲು ಕಳೆದರೂ ನಾಲ್ವರಿಗೆ ಉಳಿಯುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇವರು ಹಾಸಿಗೆಯ ಅಳತೆಯನ್ನು ತಾವೇ ನಿಗದಿ ಮಾಡಿಕೊಂಡಿದ್ದರು.

ಇನ್ನೊಂದು ಷರತ್ತು, ಎಲ್ಲ ವಯಸ್ಸಿನವರಿಗೂ ಪ್ರವೇಶ. ಮದ್ಯ ಮಾರುವ ಕ್ಲಬ್ಬುಗಳಲ್ಲಿ ಚಿಕ್ಕವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಹುಡುಗರಾಗಿದ್ದಾಗ ಮೆಕಾಯ್ ಬಳಗಕ್ಕೆ ಈ ಅನುಭವ ಚೆನ್ನಾಗಿಯೇ ಆಗಿತ್ತು. ಹಾಗಾಗಿ ಫುಗಾಜಿ ಒಪ್ಪುವ ಕ್ಲಬ್ಬು ಸಿಗದಲ್ಲಿ ಶಾಲೆ, ಸಮುದಾಯ ಭವನ, ಚರ್ಚಿನ ಸಭಾಂಗಣಗಳನ್ನು ಹುಡುಕುತ್ತಿತ್ತು. ಗುಂಪಿನಲ್ಲಿ ಯಾರಾದರೂ ಇತರರನ್ನು ತಳ್ಳಿ ಹೊಡೆದು ಪುಂಡಾಟ ಮಾಡಿದರೆ ಹಾಡು ನಿಲ್ಲುತ್ತಿತ್ತು. ಕೇಳದಿದ್ದರೆ ಅವನ ಕೈಗೆ 5 ಡಾಲರ್ ವಾಪಸು ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ಇವರು ಹಾಡುಗಾರರೋ ಉಪದೇಶಕರೋ ಎಂಬ ಗೇಲಿಯೂ ಇತ್ತು. ಟೀ ಶರ್ಟ್ ಮಾರದ ಈ ತಂಡದ ಹೆಸರಿನಲ್ಲಿ ಯಾರೋ 'ಇದು ಫುಗಾಜಿ ಟೀ ಶರ್ಟ್ ಅಲ್ಲ' ಎಂದು ಅಚ್ಚು ಹಾಕಿ ಮಾರಿದ್ದೂ ಉಂಟು.

ದೊಡ್ಡವರು ಕರೆದಾಗ

1991ರಲ್ಲಿ ನಿರ್ವಾನ ತಂಡದ 'ನೆವರ್‌ಮೈಂಡ್' ಲಕ್ಷಗಟ್ಟಲೆ ಮಾರಾಟವಾದ ಮೇಲೆ ದೊಡ್ಡ ಕಂಪೆನಿಗಳು ಸ್ವತಂತ್ರ ತಂಡಗಳ ಬಾಗಿಲು ತಟ್ಟತೊಡಗಿದವು. ಇಲ್ಲಿ ಕರಾರಿನ ಒಳಗುಟ್ಟು ತಿಳಿದಿರಬೇಕು. ಕಂಪೆನಿ ಕೊಡುವ ಮುಂಗಡ ಬಹುಮಾನವಲ್ಲ. ಧ್ವನಿಮುದ್ರಣದ ಖರ್ಚಿನ ಸಮೇತ ಅದು ಕಲಾವಿದರ ರಾಯಲ್ಟಿಯಿಂದ ಮುರಿದುಕೊಳ್ಳುವ ಹಣ. ಮೂಲ ಧ್ವನಿಮುದ್ರಿಕೆಯ ಹಕ್ಕು ಸಾಮಾನ್ಯವಾಗಿ ಕಂಪೆನಿಗೇ ಸೇರುತ್ತದೆ. ಡಿಸ್ಕಾರ್ಡ್‌ನಲ್ಲಿ ಲಿಖಿತ ಕರಾರೇ ಇರಲಿಲ್ಲ. ಖರ್ಚು ಕಳೆದು ಉಳಿದ ಲಾಭದಲ್ಲಿ ತಂಡಕ್ಕೂ ಸಂಸ್ಥೆಗೂ ಪಾಲು. ಅಟ್ಲಾಂಟಿಕ್ ರೆಕಾರ್ಡ್ಸ್‌ನ ಮುಖ್ಯಸ್ಥ ಅಹ್ಮೆತ್ ಎರ್ಟೆಗುನ್ ಖುದ್ದಾಗಿ ಬಂದು ಆಹ್ವಾನ ಕೊಟ್ಟರೂ ಫುಗಾಜಿ ಒಪ್ಪಲಿಲ್ಲ. ದೊಡ್ಡ ಕಂಪೆನಿಯ ಬೆಂಬಲವಿಲ್ಲದೆಯೇ 1993ರ 'ಇನ್ ಆನ್ ದ ಕಿಲ್ ಟೇಕರ್' ಬಿಲ್‌ಬೋರ್ಡ್‌ನ 200ರ ಪಟ್ಟಿಗೆ ಸೇರಿತು.

ಹೋದವರೂ ಇದ್ದರು. ಡಿಸ್ಕಾರ್ಡ್‌ನ ಜಾಬಾಕ್ಸ್ ತಂಡ ಅಟ್ಲಾಂಟಿಕ್ ಸೇರಿ 1994ರಲ್ಲಿ ಒಳ್ಳೆಯ ಆಲ್ಬಮ್ ತಂದಿತು. 1997ರಲ್ಲಿ ಆ ತಂಡ ಚದುರಿತು. ಅವರನ್ನು ದೂರುವಂತಿಲ್ಲ. ಸಂಗೀತದಿಂದಲೇ ಜೀವನ ಸಾಗಿಸಬೇಕಾದವರಿಗೆ ಅದೂ ಒಂದು ದಾರಿ. 2009ರಲ್ಲಿ ಅದೇ ಆಲ್ಬಮ್ ಮರುಮುದ್ರಣವಾಗಿ ಬಂದಾಗ ಅದರ ಮೇಲೆ ಡಿಸ್ಕಾರ್ಡ್ ಹೆಸರು ಮತ್ತೆ ಇತ್ತು.

ನಿಂತ ಮೇಲೆ

ಫುಗಾಜಿಯ ದಾರಿಗೂ ಮಿತಿಯಿತ್ತು. ಎಲ್ಲ ಕೆಲಸವನ್ನೂ ತಾವೇ ಮಾಡುವ ತಂಡಕ್ಕೆ ಬದಲಿ ಆಳಿಲ್ಲ. ಅಮೆರಿಕದ 50 ರಾಜ್ಯಗಳಲ್ಲಿ ಮತ್ತು ಹಲವು ದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ನೀಡಿದ ನಾಲ್ವರಿಗೂ ವಯಸ್ಸಾಯಿತು, ಮನೆ ಮಕ್ಕಳ ಹೊಣೆ ಬಂತು. 2001ರ 'ದಿ ಆರ್ಗ್ಯುಮೆಂಟ್' ಕೊನೆಯ ಸ್ಟುಡಿಯೋ ಆಲ್ಬಮ್. 2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಹಾಡಿದ ಬಳಿಕ ತಂಡ ಅನಿರ್ದಿಷ್ಟ ವಿರಾಮಕ್ಕೆ ಹೋಯಿತು. ವಿಸರ್ಜನೆ ಎಂದು ಘೋಷಿಸಲಿಲ್ಲ. ಸಂಗೀತವನ್ನೂ ಬಿಡಲಿಲ್ಲ. ಲಾಲಿ ಮತ್ತು ಕ್ಯಾಂಟಿ ಮೆಸ್ಥೆಟಿಕ್ಸ್ ತಂಡದಲ್ಲಿ ಜತೆಯಾದರು. ಮೆಕಾಯ್ ಮತ್ತು ಲಾಲಿ ಇದ್ದ ಕೊರಿಕಿ ತಂಡದ ಆಲ್ಬಮ್ 2020ರಲ್ಲಿ ಬಂತು.

ಕಾರ್ಯಕ್ರಮಗಳ ಧ್ವನಿಮುದ್ರಣಗಳನ್ನು ಅವರು ವರ್ಷಗಳಿಂದ ಕೂಡಿಟ್ಟಿದ್ದರು. 2011ರ ಡಿಸೆಂಬರಿನಿಂದ ಅವನ್ನು ಒಂದೊಂದಾಗಿ ಅಂತರ್ಜಾಲದಲ್ಲಿ ಇರಿಸಿದರು. ಕೆಲವು ಸ್ಪಷ್ಟ, ಕೆಲವು ಕರಕರ ಸದ್ದಿನವು, ಹಾಡು ತಪ್ಪಿದ್ದು, ಜಗಳ ಬಿಡಿಸಿದ್ದು ಎಲ್ಲವೂ ಇದೆ. ಕೇಳುಗರು ತಮಗೆ ಕೈಲಾದಷ್ಟು ಹೆಚ್ಚು ಕಡಿಮೆ ಕೊಡಬಹುದಿತ್ತು. ತಂಡ ಸೂಚಿಸಿದ ಬೆಲೆ ಮಾತ್ರ ಹಳೆಯದೇ, ಒಂದು ಕಾರ್ಯಕ್ರಮಕ್ಕೆ 5 ಡಾಲರ್.