ಮೊಬೈಲಿನ ಚುಕ್ಕೆ, ಹೊಲದ ಗಡಿಕಲ್ಲು

ಹಾವೇರಿ ಸಮೀಪದ ಕರ್ಜಗಿಯಲ್ಲಿ, ವರದಾ ನದಿಯ ದಂಡೆಯ ಹೊಲದಲ್ಲಿ ನಿಂತ ರೈತ ಆ ನೆಲದ ಸರ್ವೆ ನಂಬರನ್ನು ಈಗ ಮೊಬೈಲಿನಲ್ಲೇ ನೋಡಬಹುದು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ಈ ಕೆಲಸ ಮಾಡುತ್ತದೆ. 2020ರಲ್ಲಿ ರೈತರೇ ಹೊಲದಿಂದ ಬೆಳೆ ಸಮೀಕ್ಷೆ ದಾಖಲಿಸುವ ವ್ಯವಸ್ಥೆಯೂ ಬಂತು. ಆದರೆ ಪರದೆಯ ಮೇಲಿನ ಚುಕ್ಕೆಯನ್ನು ಹೊಲದ ಗಡಿಗೆ ಸಾಕ್ಷಿಯೆಂದು ನಂಬಬಹುದೇ?

ಉಪಗ್ರಹ ನಮ್ಮನ್ನು ನೋಡುತ್ತದೆ ಎಂಬುದು ತಪ್ಪು ಕಲ್ಪನೆ. ಅದು ರೇಡಿಯೋ ಕೇಂದ್ರದಂತೆ ಸಂಕೇತವನ್ನು ಬಿತ್ತರಿಸುತ್ತದೆ. ಮೊಬೈಲ್ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಸಂಕೇತ ಹೊರಟ ಸಮಯ, ತಲುಪಿದ ಸಮಯಗಳ ಅಂತರದಿಂದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಿಂತ ಜಾಗ ಗೊತ್ತಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ 300 ಮೀಟರ್ ವ್ಯತ್ಯಾಸವಾಗುವುದರಿಂದ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ.

2000ದ ಮೇ ತಿಂಗಳವರೆಗೆ ಅಮೆರಿಕವು ನಾಗರಿಕರ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ತಪ್ಪು 100 ಮೀಟರ್‌ವರೆಗೂ ಹೋಗುತ್ತಿತ್ತು. ಈಗ ಬಯಲಿನಲ್ಲಿ ಸಾಮಾನ್ಯ ಮೊಬೈಲಿನ ತಪ್ಪು ಸುಮಾರು ಐದು ಮೀಟರ್, ಅಂದರೆ 16 ಅಡಿ. ಮರದಡಿ, ಗೋಡೆಯ ಪಕ್ಕದಲ್ಲಿ ಇದು ಇನ್ನೂ ಹೆಚ್ಚು.

ದಾರಿ ಹುಡುಕುವವನಿಗೆ 16 ಅಡಿ ಲೆಕ್ಕಕ್ಕಿಲ್ಲ. ಒಕ್ಕಲಿಗನಿಗೆ ಹಾಗಲ್ಲ. ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ ಭೂಮಿಯನ್ನು 33 ಅಡಿಯ ಸರಪಳಿಯಿಂದ ಅಳೆದರು. ಉದ್ದಗಲ ಒಂದೊಂದು ಸರಪಳಿ ಇದ್ದರೆ ಅದು ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮೊಬೈಲಿನ ತಪ್ಪು ಹೆಚ್ಚುಕಡಿಮೆ ಅರ್ಧ ಸರಪಳಿಯಷ್ಟಾಯಿತು! ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ಗೆರೆ ತುಸು ಸರಿದಿದ್ದರೆ ಅದೂ ಇದಕ್ಕೆ ಸೇರುತ್ತದೆ. ಬದುವಿನ ಮೇಲೆ ನಿಂತವನನ್ನು ಚುಕ್ಕೆಯು ಪಕ್ಕದವನ ಹೊಲದೊಳಗೆ ತೋರಿಸಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಸರ್ವೆ ನಂಬರು ನೋಡುವವರು ಬದು ಬಿಟ್ಟು ಹೊಲದ ನಡುವೆ, ತೆರೆದ ಆಕಾಶದಡಿ ಒಂದೆರಡು ನಿಮಿಷ ನಿಲ್ಲುವುದು ಒಳ್ಳೆಯದು. ಬೆಳೆ ತಪ್ಪು ನಂಬರಿಗೆ ದಾಖಲಾದರೆ ವಿಮೆ, ಪರಿಹಾರ, ಬೆಂಬಲ ಬೆಲೆಯ ವೇಳೆ ತೊಡಕಾಗುತ್ತದೆ. ಗಡಿ ತಕರಾರಿಗೆ ಮಾತ್ರ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರಿಂದ ಅಳೆಸುವುದೇ ದಾರಿ. ಅವರ ರೋವರ್ ಉಪಕರಣವೂ ಉಪಗ್ರಹದ ಸಂಕೇತವನ್ನೇ ಬಳಸುತ್ತದೆ. ಆದರೆ ನಿಖರವಾಗಿ ಗುರುತಿಸಿದ ನೆಲದ ಕೇಂದ್ರದಿಂದ ತಿದ್ದುಪಡಿ ಪಡೆಯುವುದರಿಂದ ಅದರ ತಪ್ಪು ಕೆಲವೇ ಸೆಂಟಿಮೀಟರ್. ನಾವು ಸುಮಾರಾಗಿ ಎಲ್ಲಿದ್ದೇವೆ ಎಂಬುದನ್ನು ಮೊಬೈಲ್ ಹೇಳಬಲ್ಲದು. ನಮ್ಮ ನೆಲ ಎಲ್ಲಿ ಮುಗಿಯುತ್ತದೆ ಎಂಬುದನ್ನಲ್ಲ.